ಬೆಳಕಿನ ಚೆಕ್ಕುಬಂದಿ

ನೋಟೀಸಿನ ಕೊನೆಯ ಹಾಳೆಯಲ್ಲಿ ತನ್ನದೇ ರುಜು ಕಂಡಾಗ ಪಂಕಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಅನುಮಾನವೇ ಇಲ್ಲ, ಅವಳದೇ ರುಜು. ‘ಕ್ಷಿ’ಯ ಬಾಲವನ್ನು ಉದ್ದಕ್ಕೆ ಎಳೆದು ಕೆಳಗೆ ಎರಡು ಚುಕ್ಕಿ ಇಡುವ ಹುಚ್ಚು ಈ ತುಮಕೂರಿನಲ್ಲಿ ಇನ್ಯಾರಿಗೂ ಇರಲಾರದು. ರುಜುವಿನ ಮೇಲೆ ಪ್ರಯೋಗಾಲಯದ ಮುದ್ರೆ, ಮುದ್ರೆಯ ಮೇಲೆ ಒಂದೇ ಸಾಲು: ‘ಈ ಲೇಸರ್ ಅಳತೆಯಂತ್ರ ಸರಿಯಾಗಿದೆ.’ ಅದರ ಹಿಂದಿನ ಹಾಳೆಯಲ್ಲಿ, ಆ ಯಂತ್ರದ ಮಾತನ್ನು ನಂಬಿ, ಇಪ್ಪತ್ತನಾಲ್ಕನೇ ನಂಬರಿನ ಮನೆಯವರು ಪೂರ್ವದ ಇಪ್ಪತ್ತೈದನೇ ಸೈಟನ್ನು ಎಂಬತ್ತೆಂಟು ಸೆಂಟಿಮೀಟರಿನಷ್ಟು ಒತ್ತುವರಿ ಮಾಡಿದ್ದಾರೆಂದೂ, ಹದಿನೈದು ದಿನದೊಳಗೆ ಆ ಭಾಗವನ್ನು ಕೆಡವತಕ್ಕದ್ದೆಂದೂ ಬರೆದಿತ್ತು. ಇಪ್ಪತ್ತನಾಲ್ಕನೇ ನಂಬರಿನ ಮನೆ ಅವಳದು.

ಇಪ್ಪತ್ತೆರಡು ವರ್ಷ ನಿಂತಲ್ಲೇ ನಿಂತಿದ್ದ ಗೋಡೆ ಅದು. ಅವಳ ಗಂಡ ಬದುಕಿದ್ದಾಗ ತಾನೇ ನಿಂತು ಕಟ್ಟಿಸಿದ್ದ. ಈಗ ಯಾರನ್ನು ಹಿಡಿದು ಬೈಯಬೇಕೆಂದು ಅವಳು ಒಳಗೆ ಹೋದರೆ, ಸರ್ವೆಯರ್ ತಿಪ್ಪೇಶ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕುಂಚದಿಂದ ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ಅಡುಗೆಕಟ್ಟೆಯನ್ನು ಸೀಳಿಕೊಂಡು ಬಚ್ಚಲಮನೆಗೆ ಹೋಗಿ ನೀರಿನ ಹಂಡೆಯ ಈಚೆಗೇ ಹಾದುಹೋಗಿತ್ತು.

“ನನ್ನ ಮ್ಯಾಲೆ ಸಿಟ್ಟಾಗಬ್ಯಾಡಿ ಮೇಡಂ,” ಎಂದ ತಿಪ್ಪೇಶ, ತಲೆ ಎತ್ತದೆ. “ಬಡಾವಣೆ ಶುರುವಾಗೋ ಮೊದಲನೇ ಕಲ್ಲಿಂದ ಅಳ್ಕಂಡು ಬಂದೀನಿ. ಮಿಷನ್ನು ಏನು ತೋರಿಸ್ತೈತೋ ಅದನ್ನ ಬರೀತೀನಿ. ಮಿಷನ್ನು ಸರಿಯೈತೆ ಅಂತ ಬರ್ಕೊಟ್ಟೋರು ನೀವೇಯ.”

“ಗೊತ್ತು ಕಣಯ್ಯ. ಅದನ್ನೇ ಓದ್ತಾ ಇದ್ದೀನಿ.”

ನಡುಮನೆಯಿಂದ ಅತ್ತೆಯ ದನಿ ಬಂತು. “ಯಾರೇ ಪಂಕಜ ಅದು? ಒಲೆ ಹತ್ರ ಬಣ್ಣದ ವಾಸ್ನೆ ಬರ್ತೈತೆ.”

ಸಿದ್ದಗಂಗಮ್ಮನಿಗೆ ಎಂಬತ್ತೊಂದು ವರ್ಷ. ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು. ಹಾಸಿಗೆಯಿಂದ ದೇವರಮನೆಗೆ ನಾಲ್ಕು ಹೆಜ್ಜೆ, ಒಲೆಗೆ ಎಂಟು, ಬಚ್ಚಲ ಹಂಡೆಗೆ ಹನ್ನೊಂದು. ಈ ಲೆಕ್ಕ ಒಂದಿದ್ದರೆ ಸೊಸೆ ಕೆಲಸಕ್ಕೆ ಹೋದಮೇಲೆ ಸಂಜೆಯವರೆಗೂ ಯಾರ ಹಂಗೂ ಇಲ್ಲದೆ ಕಾಫಿ ಕಾಸಿಕೊಂಡು, ಮಿಂದು, ರೇಡಿಯೋ ಕೇಳಿಕೊಂಡು, ರೇಡಿಯೋದವರನ್ನು ಬೈದುಕೊಂಡು ಇರುತ್ತಿದ್ದಳು. ಮಗ ಸತ್ತಾಗ ನೆಂಟರು ಬಂದು ಆಶ್ರಮದ ಮಾತೆತ್ತಿದ್ದಕ್ಕೆ, “ನನ್ನ ಹನ್ನೊಂದು ಹೆಜ್ಜೆ ಅಲ್ಲಿ ಎಲ್ಲಿ ಹುಡುಕ್ಕಂಡು ಹೋಗ್ಲಿ,” ಎಂದು ಅವರ ಬಾಯಿ ಮುಚ್ಚಿಸಿ ಕಳಿಸಿದ್ದಳು. ಈಗ ತಿಪ್ಪೇಶನ ಗೆರೆ ಒಂಬತ್ತನೇ ಹೆಜ್ಜೆಯಲ್ಲಿತ್ತು. ಗೋಡೆ ಅಲ್ಲಿಗೆ ಬಂದರೆ ಹಂಡೆಯಿಲ್ಲ, ಒಲೆಯಿಲ್ಲ, ಈ ಮುದುಕಿಗೆ ಈ ಮನೆಯೇ ಇಲ್ಲ. ಪಂಕಜಾಕ್ಷಿ ನೋಟೀಸನ್ನು ಮಡಚಿಕೊಂಡು, “ಏನಿಲ್ಲ ಅತ್ತೆ, ಆಫೀಸಿನವರು,” ಎಂದಳು.

“ಆಫೀಸಿನವರು ಒಲೆಗೆ ಯಾಕೆ ಬಣ್ಣ ಹೊಡೀತಾರೆ?” ಎಂದಳು ಸಿದ್ದಗಂಗಮ್ಮ.

ಉತ್ತರವೇನೋ ಇತ್ತು. ಆದರೆ ಮೂರು ವರ್ಷದಿಂದ ಆ ಉತ್ತರ ಹೇಳಿ ಹೇಳಿ ಪಂಕಜಾಕ್ಷಿಯ ಗಂಟಲು ಒಣಗಿತ್ತು. ಊರಾಚೆ ಗುಡ್ಡದ ಬುಡದಲ್ಲಿರುವ ಮಾಪನ ಪ್ರಯೋಗಾಲಯದ ಹಿರಿಯ ಅಧಿಕಾರಿ ಅವಳು. ಅಲ್ಲಿನ ನೆಲಮಾಳಿಗೆಯಲ್ಲಿ ಸರಿಯಾಗಿ ಒಂದು ಮೀಟರ್ ಉದ್ದದ ಸ್ಫಟಿಕದ ಕೋಲೊಂದಿತ್ತು. ಬಿಸಿಗೆ ಹಿಗ್ಗದ, ಚಳಿಗೆ ಕುಗ್ಗದ ಜಾತಿಯ ಕೋಲು. ದಿನಾ ಬೆಳಿಗ್ಗೆ ಅದರ ಒಂದು ತುದಿಯಿಂದ ಇನ್ನೊಂದಕ್ಕೆ ಲೇಸರ್ ಬಿಟ್ಟು, ಹೋಗಿಬರಲು ಹಿಡಿದ ಸಮಯವನ್ನು ಪರಮಾಣು ಗಡಿಯಾರದಲ್ಲಿ ನೋಡಿ ಬರೆದಿಡುವುದು ಅವಳ ಕೆಲಸ. ಮೂರು ವರ್ಷದ ಹಿಂದೆ ಒಂದು ಮಂಗಳವಾರ ಬೆಳಕು ಒಂದಿಷ್ಟು ತಡವಾಗಿ ಬಂತು. ಬುಧವಾರ ಇನ್ನಷ್ಟು. ಈಗ ಒಟ್ಟು ಸಾವಿರಕ್ಕೆ ನಾಲ್ಕು ಪಾಲು ತಡ.

ಬೆಳಕು ನಿಧಾನವಾಗಿತ್ತು. ಇದೊಂದು ಸರಳವಾದ ಮಾತು. ಆದರೆ ಯಂತ್ರ ಹಾಗೆ ಹೇಳುವುದಿಲ್ಲ. ಹಿಂದೆ, ಹಲ್ಲಿನ ಚಕ್ರ ತಿರುಗಿಸಿ, ಕನ್ನಡಿ ತಿರುಗಿಸಿ ಬೆಳಕಿನ ಓಟವನ್ನು ಅಳೆಯುತ್ತಿದ್ದ ಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಸಿಗುತ್ತಿತ್ತು. ಅವನ್ನೆಲ್ಲ ಸಾಲಾಗಿ ಇಟ್ಟು ‘ನೋಡಿ, ಬೆಳಕು ಕಾಲಕಾಲಕ್ಕೆ ಸುಸ್ತಾಗುತ್ತಿದೆ’ ಎಂದವರೂ ಇದ್ದರು. ಅದು ಬೆಳಕಿನ ಸುಸ್ತಲ್ಲ, ಅಳೆದವರ ಕೈತಪ್ಪು ಎಂದು ಬಲ್ಲವರು ತಳ್ಳಿಹಾಕಿದ್ದರು. ಸರಿಯಾಗಿಯೇ ತಳ್ಳಿಹಾಕಿದ್ದರು. ಆಮೇಲೆ ಈ ರಗಳೆಯೇ ಬೇಡವೆಂದು ಬೆಳಕಿನ ವೇಗವನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿ, ಮೀಟರನ್ನೇ ಅದರಿಂದ ಹುಟ್ಟಿಸಿಬಿಟ್ಟರು. ಹೀಗಾಗಿ ಈಗ ನಿಜವಾಗಿಯೂ ಬೆಳಕು ನಿಧಾನವಾದಾಗ ಯಂತ್ರಗಳೆಲ್ಲ ಒಕ್ಕೊರಲಿನಿಂದ ಹೇಳಿದ್ದು, ಬೆಳಕು ಇದ್ದ ಹಾಗೇ ಇದೆ, ನಿಮ್ಮ ಕೋಲು ಬೆಳೆದಿದೆ.

ಕೋಲು ಕೆಟ್ಟಿದೆ, ಬದಲಾಯಿಸಿ ಎಂದು ಮೇಲಿನವರು ಬರೆದರು. ಬದಲಾಯಿಸಿದಳು. ಹೊಸ ಕೋಲು ಕೂಡ ಅಷ್ಟೇ ಬೆಳೆದು ಬಂತು. ಮೂರನೆಯದೂ ಹಾಗೇ. ಹಟಕ್ಕೆ ಬಿದ್ದು, ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಮಹಾರಾಜರ ಕಾಲದ ಹಿತ್ತಾಳೆ ಗಜಕೋಲನ್ನು ತೆಗೆಸಿ ಅಳೆದಳು. ಅದೂ ಸಾವಿರಕ್ಕೆ ನಾಲ್ಕು ಪಾಲು ಬೆಳೆದಿತ್ತು. ಸ್ಫಟಿಕದ ಕೋಲಿನ ಪಕ್ಕಕ್ಕೆ ಇಟ್ಟು ನೋಡಿದರೆ ಮಾತ್ರ ಎರಡೂ ಮೊದಲಿನ ಹಾಗೇ ಇದ್ದವು.

ಊರಿನಲ್ಲಿ ಜನ ಇದಕ್ಕೂ ಒಗ್ಗಿಕೊಂಡಿದ್ದರು, ನಮ್ಮ ಜನ ಯಾವುದಕ್ಕೆ ಒಗ್ಗುವುದಿಲ್ಲ? ಪೊಲೀಸ್ ಕೆಲಸಕ್ಕೆ ಎತ್ತರ ಸಾಲದೆ ಮನೆಗೆ ಹೋಗಿದ್ದವರು ಮತ್ತೆ ಬಂದು ಪಾಸಾದರು. ಗಿರಣಿಯವರು ಲೇಸರಿನಿಂದ ಅಳೆದು ಕಳಿಸಿದ ರವಿಕೆ ಕಣ ತೋಳಿಗೆ ಸಾಲದೆ ದರ್ಜಿಗಳು ಬೈಸಿಕೊಂಡರು. ಮೊಬೈಲಿನ ನಕ್ಷೆಯಲ್ಲಿ ಬಸ್‌ಸ್ಟ್ಯಾಂಡು ಕೆರೆಯೊಳಗೆ ಕಾಣುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಯಾರೋ ಪುಣ್ಯಾತ್ಮ ಬಡಾವಣೆಗಳನ್ನೆಲ್ಲ ಲೇಸರಿನಿಂದ ಮರು ಅಳತೆ ಮಾಡಿಸಿ ಕಲ್ಲು ನೆಡಿಸಬೇಕೆಂದು ಆದೇಶ ಹೊರಡಿಸಿದ. ಮೂವತ್ತು ಅಡಿಯ ಒಂದು ಸೈಟಿಗೆ ನಾಲ್ಕು ಸೆಂಟಿಮೀಟರೂ ವ್ಯತ್ಯಾಸವಿಲ್ಲ. ಆದರೆ ಮೊದಲನೇ ಕಲ್ಲಿನಿಂದ ಇಪ್ಪತ್ತನಾಲ್ಕು ಸೈಟು ದಾಟುವಷ್ಟರಲ್ಲಿ ಅದೇ ಸುಮಾರು ಮೂರಡಿಯಾಗಿ ಅವಳ ಅತ್ತೆಯ ಹಂಡೆಯ ಮುಂದೆ ಬಂದು ನಿಂತಿತ್ತು.

ಮರುದಿನ ನೆಲಮಾಳಿಗೆಯಿಂದ ನಿರ್ದೇಶಕ ಪದ್ಮನಾಭ ಹೆಬ್ಬಾರರಿಗೆ ವಿಡಿಯೋ ಕರೆ ಮಾಡಿದಳು. ಬೆಂಗಳೂರಿನ ಕಚೇರಿಯಲ್ಲಿ ಕೂತಿದ್ದ ಹೆಬ್ಬಾರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

“ಸಾರ್, ಕೋಲು ಬೆಳೆದಿಲ್ಲ. ಬೆಳಕು ನಿಧಾನ ಆಗಿದೆ. ಎಷ್ಟು ಸಲ ಬರೀಲಿ?”

“ಬೆಳಕು ನಿಧಾನ ಆಗ್ಲಿಕ್ಕೆ ಬರೋದಿಲ್ಲ ಮಾರಾಯ್ರೆ. ಸೆಕೆಂಡಿಗೆ ಇಪ್ಪತ್ತೊಂಬತ್ತು ಕೋಟಿ ತೊಂಬತ್ತೇಳು ಲಕ್ಷದ ತೊಂಬತ್ತೆರಡು ಸಾವಿರದ ನಾನೂರ ಐವತ್ತೆಂಟು ಮೀಟರು. ಅದು ಅಳತೆ ಅಲ್ಲ, ವ್ಯಾಖ್ಯೆ.”

“ಮೀಟರು ಅಂದ್ರೆ ಎಷ್ಟು ಸಾರ್?”

“ಬೆಳಕು ಒಂದು ಸೆಕೆಂಡಿನಲ್ಲಿ ಓಡುವ ದೂರದ ಅಷ್ಟನೇ ಒಂದು ಪಾಲು.”

“ಅಂದ್ರೆ ಬೆಳಕನ್ನ ಬೆಳಕಿನಿಂದಲೇ ಅಳೀತಾ ಇದ್ದೀವಿ.”

“ಹೌದು. ಅದಕ್ಕೇ ಅದು ಯಾವತ್ತೂ ತಪ್ಪೋದಿಲ್ಲ,” ಎಂದರು ಹೆಬ್ಬಾರರು, ಬಹಳ ಸಮಾಧಾನದಿಂದ.

ಪಂಕಜಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಉಜ್ಜಿಕೊಂಡಳು. ಇನ್ನೂರ ಹದಿನಾಲ್ಕು ಯಂತ್ರಗಳಿಗೆ ತಾನು ರುಜು ಹಾಕಿದ್ದೇನೆ, ಪ್ರತಿಯೊಂದರ ಅಂಚಿನಲ್ಲೂ ‘ಬೆಳಕು ತಡವಾಗುತ್ತಿದೆ, ಗಮನಿಸಿ’ ಎಂದು ಟಿಪ್ಪಣಿ ಬರೆದಿದ್ದೇನೆ, ನಿಮ್ಮ ಕಚೇರಿಯ ಸ್ಕ್ಯಾನರು ಆ ಅಂಚನ್ನೇ ಕತ್ತರಿಸುತ್ತದೆ ಎಂದು ಹೇಳಿದಳು. ಫಾರಮ್ಮಿನಲ್ಲಿ ಟಿಪ್ಪಣಿಗೆ ಜಾಗ ಇಲ್ಲವಲ್ಲ ಎಂದರು ಹೆಬ್ಬಾರರು.

“ನೀವು ಇಷ್ಟು ತಲೆಬಿಸಿ ಮಾಡ್ಕೊಳ್ಬೇಡಿ. ನನಗೂ ಅನುಮಾನ ಇಲ್ಲ ಅಂತಲ್ಲ. ಅಳತೆಗಳ ಅಂತರರಾಷ್ಟ್ರೀಯ ಸಭೆಗೆ ಬರೆಯೋಣ. ಆದ್ರೆ ಏನಂತ ಬರೀಲಿ ಹೇಳಿ? ಈಗ ಬೆಳಕಿನ ವೇಗ ಎಷ್ಟು ಅಂತ ಒಂದು ಸಂಖ್ಯೆ ಕೊಡಿ. ಮೀಟರಿನಲ್ಲಿ ಕೊಡಿ. ನೀವು ಹೇಗೆ ಅಳೆದ್ರೂ ಅದೇ ಹಳೇ ಸಂಖ್ಯೆ ಬರ್ತದೆ. ಹೌದೋ ಅಲ್ವೋ?”

ಹೌದು. ಅದೇ ಅವಳನ್ನು ಮೂರು ವರ್ಷದಿಂದ ಅರೆದು ಹಾಕಿದ್ದ ಸಂಗತಿ. ಕರೆ ಮುಗಿಸಿ, ಕಾಫಿ ಲೋಟವನ್ನು ಇಡಬೇಕಾದ್ದಕ್ಕಿಂತ ಜೋರಾಗಿ ಇಟ್ಟಳು.

ಮನೆಗೆ ಬಂದಾಗ ಸಿದ್ದಗಂಗಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಒಣಗಿದ ಬಣ್ಣವನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಗೆರೆ ಕಾಣದಿದ್ದರೂ ಕೈಗೆ ಸಿಗುತ್ತಿತ್ತು.

“ಇಲ್ಲಿಗೆ ಗೋಡೆ ಬತ್ತೈತಾ?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಪಂಕಜಾಕ್ಷಿ ಅತ್ತೆಯ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಬೆಳಕು, ಕೋಲು, ಮೀಟರು, ಹೆಬ್ಬಾರರು. ಸಿದ್ದಗಂಗಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು. ಇದು ಅಪರೂಪ.

“ನನಗೆ ಬೆಳಕಿನ ಋಣ ಹರಿದು ಒಂಬತ್ತು ವರ್ಷ ಆತು,” ಎಂದಳು ಕೊನೆಗೆ. “ಈಗ ಬಂದು ನನ್ನ ಹಂಡೆ ಕೇಳ್ತೈತೆ ನೋಡು. ಇರ್ಲಿ. ಮನೆ ಪತ್ರದಾಗೆ ಚೆಕ್ಕುಬಂದಿ ಏನಂತ ಬರ್ದೈತೆ?”

ಪಂಕಜಾಕ್ಷಿ ಮೊಬೈಲಿನಲ್ಲಿ ಹೊಸ ಆಸ್ತಿಪತ್ರ ತೆರೆದಳು. ನಂಬರು, ಅಳತೆ, ಮಾಲೀಕರ ಫೋಟೋ. ನಾಲ್ಕು ದಿಕ್ಕಿಗೆ ಯಾರು, ಏನು ಎಂದು ಬರೆಯುವ ಚೆಕ್ಕುಬಂದಿಯ ಅಂಕಣವೇ ಇರಲಿಲ್ಲ. ಮಿಲಿಮೀಟರಿನವರೆಗೆ ಅಳತೆ ಇದ್ದಮೇಲೆ ನೆರೆಹೊರೆಯವರ ಹೆಸರು ಯಾಕೆ ಎಂದು ಹೊಸ ಪತ್ರ ಮಾಡಿದವರು ಅದನ್ನು ತೆಗೆದುಹಾಕಿದ್ದರು.

“ಇಲ್ಲ ಅತ್ತೆ. ಬರೀ ಅಳತೆ ಇದೆ.”

“ಚೆಕ್ಕುಬಂದಿ ಇಲ್ಲದ್ದು ಪತ್ರ ಏನೇ? ನಿಮ್ಮ ಮಾವ ತಾಲ್ಲೂಕಾಫೀಸಿನ ಮುಂದೆ ಮೂವತ್ತು ವರ್ಷ ಕೂತು ಪತ್ರ ಬರ್ದೋರು. ಅಳತೆ ಒಂದಡಿ ಹೆಚ್ಚುಕಮ್ಮಿ ಬರ್ದಿದ್ರೂ ಕೋರ್ಟ್ನಾಗೆ ಬಿದ್ದೋಗಲ್ಲ, ಚೆಕ್ಕುಬಂದಿ ತಪ್ಪಿದ್ರೆ ಮಾತ್ರ ಪತ್ರನೇ ತಪ್ಪು ಅನ್ನೋರು. ಸರಪಳಿ ಸವೀತೈತೆ, ಟೇಪು ಜಗ್ಗತೈತೆ. ಪಕ್ಕದೋನು ಪಕ್ಕದಾಗೇ ಇರ್ತಾನೆ. ನನ್ನ ಟ್ರಂಕ್ ತೆಗಿ.”

ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಮಾವನ ಕೈಬರಹದ ಹಳೆಯ ಕ್ರಯಪತ್ರ ಇತ್ತು. ಪಂಕಜಾಕ್ಷಿ ಗಟ್ಟಿಯಾಗಿ ಓದಿದಳು. ‘ಈ ಸ್ವತ್ತಿನ ಚೆಕ್ಕುಬಂದಿ: ಪೂರ್ವಕ್ಕೆ ಬೋರಲಿಂಗಯ್ಯನವರ ಮನೆ ಮತ್ತು ಎರಡೂ ಮನೆಗೆ ಸೇರಿದ ಕಲ್ಲು, ಪಶ್ಚಿಮಕ್ಕೆ ಇಪ್ಪತ್ತಮೂರನೇ ನಂಬರಿನ ಸ್ವತ್ತು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಮೋರಿ. ಈ ಮಧ್ಯೆ ಇರುವುದು.’

ಈ ಮಧ್ಯೆ ಇರುವುದು. ಅವಳು ಆ ಸಾಲನ್ನು ಎರಡು ಸಲ ಓದಿದಳು. ಯಾವುದೋ ಯೋಚನೆ ಬಂದು ಹೋಯಿತು, ಆದರೆ ಅಷ್ಟರಲ್ಲಿ ಅತ್ತೆ ಮುಂದಿನ ಕೆಲಸ ಹೇಳಿದ್ದಳು. “ಬೋರಲಿಂಗಯ್ಯ ಬಂದು ಇದೇ ಕಲ್ಲು ಅನ್ನಬೇಕು. ಕರಿ ಅವನ್ನ.”

ಇದೇ ಆಗದ ಮಾತಾಗಿತ್ತು. ನಿವೃತ್ತ ಬಸ್ ಕಂಡಕ್ಟರ್ ಬೋರಲಿಂಗಯ್ಯ ಈ ಮನೆಯವರ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತಮ್ಮ ತಾರಸಿಗೆ ಬಾಗಿದ್ದ ಅವನ ನುಗ್ಗೆಮರದ ಕೊಂಬೆಯನ್ನು ಪಂಕಜಾಕ್ಷಿ ಕೇಳದೆ ಕಡಿಸಿದ್ದಳು, ಅದೂ ಹೂವು ಬಿಟ್ಟ ಕಾಲದಲ್ಲಿ. ಈಗ ಸರ್ಕಾರವೇ ಅವನಿಗೆ ಮೂರಡಿ ಜಾಗ ಕೊಡುತ್ತೇನೆನ್ನುತ್ತಿದೆ, ಅವನು ಯಾಕೆ ಬಂದಾನು? ಅವಳು ಅನುಮಾನಿಸುತ್ತಾ ನಿಂತಿದ್ದಾಗ ಸಿದ್ದಗಂಗಮ್ಮ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ, ಕಾಂಪೌಂಡಿನ ಕಡೆ ಮುಖ ಮಾಡಿ ಕೂಗಿದಳು.

“ಬೋರಲಿಂಗ. ಏ ಬೋರಲಿಂಗ. ನಮ್ಮನೇಲಿ ನಿನಗೆ ಮೂರಡಿ ಜಾಗ ಬಂದೈತಂತಲ್ಲೋ. ಹಂಡೆ ಬಿಟ್ಟು ಹೋಗ್ಲೋ, ತಗೊಂಡು ಹೋಗ್ಲೋ?”

ಆಚೆ ಕಡೆ ಸ್ಕೂಟರ್ ಒರೆಸುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕಾಂಪೌಂಡಿನ ಮೇಲೆ ಬೋರಲಿಂಗಯ್ಯನ ಬೋಳುತಲೆ ಕಂಡಿತು.

“ನಾನೇನು ಕೇಳಿರ್ಲಿಲ್ಲ ಗಂಗಕ್ಕ. ಅವರಾಗಿ ಕೊಟ್ಟವ್ರೆ. ಸ್ಕೂಟರ್ ನಿಲ್ಸಕ್ಕೆ ಜಾಗ ಆಯ್ತದೆ ಅಂತ ಸುಮ್ಕಿದ್ದೆ.” ಪಂಕಜಾಕ್ಷಿಯನ್ನು ನೋಡಿಯೂ ನೋಡದವನಂತೆ, “ಮರ ಕಡಿದೋರಿಗೆ ಗೋಡೆ ಹೋಗ್ತೈತೆ, ಅದರಾಗೆ ನಂದೇನು,” ಎಂದ.

ಪಂಕಜಾಕ್ಷಿಗೆ ಸಿಟ್ಟು ನೆತ್ತಿಗೇರಿತು. ನುಂಗಿಕೊಂಡಳು. “ತಪ್ಪಾಯ್ತು ಬೋರಲಿಂಗಯ್ಯನವರೇ, ಕೇಳಿ ಕಡಿಸಬೇಕಿತ್ತು. ಆದ್ರೆ ನಿಮ್ಮ ಪೂರ್ವದ ಕಡೆ ಏನಿದೆ ಹೇಳಿ.”

“ತಾರಸಿ ಮೆಟ್ಟಿಲು.”

“ನಮ್ಮ ಮನೆಗೆ ಇಪ್ಪತ್ತನಾಲ್ಕು ಸೈಟಿನ ತಪ್ಪು ಬಂದಿದೆ. ನಿಮ್ಮ ಆ ಕಡೆಗೆ ಇಪ್ಪತ್ತೈದು ಸೈಟಿನದು ಬರುತ್ತೆ. ತಿಪ್ಪೇಶ ನಾಳೆ ಬರ್ತಾನೆ. ನಿಮ್ಮ ಮೆಟ್ಟಿಲು ಇಪ್ಪತ್ತಾರನೇ ಮನೆಯವರ ಪಾಲಿಗೆ.”

ಬೋರಲಿಂಗಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂವತ್ತಾರು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ತಲೆ ಎಣಿಸಿದವನಿಗೆ ಇದು ಕಷ್ಟವಾಗಲಿಲ್ಲ. “ಅಂದ್ರೆ ಎಲ್ಲಾರ್ನೂ ಒಂದೊಂದು ಸೀಟು ಹಿಂದಕ್ಕೆ ತಳ್ತವ್ರೆ,” ಎಂದ. “ಸೀಟು ಯಾರಿಗೂ ಹೆಚ್ಚಾಗಲಿಲ್ಲ. ಎದ್ದು ನಿಂತಿದ್ದು ಎಲ್ಲಾರು.” ಆಮೇಲೆ, “ಕಲ್ಲು ನಾನೂ ಷಡಕ್ಷರಿನೂ ಕೂಡಿ ನೆಟ್ಟಿದ್ದು ಗಂಗಕ್ಕ. ಅದು ಎಲ್ಲಿಗೂ ಹೋಗಿಲ್ಲ. ಯಾವ ಕೋರ್ಟಿಗಾದರೂ ಬಂದು ಹೇಳ್ತೀನಿ,” ಎಂದ. ಷಡಕ್ಷರಿ ಪಂಕಜಾಕ್ಷಿಯ ಗಂಡ. ಅವನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು, ಅವಳ ಕಣ್ಣು ಒದ್ದೆಯಾಯಿತು.

ಆದರೆ ಬೋರಲಿಂಗಯ್ಯನ ಸಾಕ್ಷಿಯೊಂದೇ ಸಾಲದು ಎಂದು ಅವಳಿಗೆ ಗೊತ್ತಿತ್ತು. ಕಲ್ಲು ಅಲ್ಲೇ ಇದೆ ಎಂದು ಅವನು ಹೇಳಬಹುದು, ಅಲ್ಲಿಲ್ಲ ಎಂದು ಹೇಳುವ ಯಂತ್ರಕ್ಕೆ ಅವಳದೇ ಸಾಕ್ಷಿ ಇತ್ತು. ಹನ್ನೆರಡು ದಿನ ಅವಳು ನೆಲಮಾಳಿಗೆಯಲ್ಲಿ ಕೂತು ಇನ್ನೂರ ಹದಿನಾಲ್ಕು ಪತ್ರಗಳನ್ನು ಬರೆದಳು. ಒಂದೊಂದು ಯಂತ್ರಕ್ಕೂ ಒಂದೊಂದು ಪತ್ರ, ತಾನು ಕೊಟ್ಟ ಪ್ರಮಾಣವನ್ನು ತಾನೇ ವಾಪಸು ತೆಗೆದುಕೊಂಡಿದ್ದೇನೆಂದು. ಈ ಸಲ ಅಂಚಿನಲ್ಲಲ್ಲ, ಹಾಳೆಯ ನಟ್ಟನಡುವೆ ದಪ್ಪಕ್ಷರದಲ್ಲಿ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಕೆಲಸ ಹೋದರೆ ಹೋಗಲಿ ಎಂದು ಹೇಳಿಕೊಳ್ಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಆದರೂ ‘ಕ್ಷಿ’ಯ ಬಾಲ ಎಳೆದು ಎರಡೆರಡು ಚುಕ್ಕಿ ಇಟ್ಟಳು.

ಹದಿನೈದನೇ ದಿನ ತಿಪ್ಪೇಶ ಹಾರೆ ಗುದ್ದಲಿ ಹಿಡಿದ ಇಬ್ಬರು ಕೆಲಸದವರನ್ನು ಕರೆತಂದ. ಗೇಟಿನ ಬಳಿ ಬೋರಲಿಂಗಯ್ಯ ಮಡಚುವ ಕುರ್ಚಿ ಹಾಕಿಕೊಂಡು, ಗಡಿಕಲ್ಲಿನ ಮೇಲೆ ಕಾಲಿಟ್ಟು ಕೂತಿದ್ದ. ಅವನ ಹಿಂದೆ ಒಂದನೇ ನಂಬರಿನಿಂದ ಮೂವತ್ತರವರೆಗಿನ ಮನೆಯವರು ಒಬ್ಬೊಬ್ಬರೂ ತಮ್ಮ ತಮ್ಮ ಹಳೆಯ ಪತ್ರ ಹಿಡಿದು ನಿಂತಿದ್ದರು. ಪಂಕಜಾಕ್ಷಿ ಪ್ರಮಾಣ ವಾಪಸು ಪಡೆದ ತನ್ನ ಪತ್ರವನ್ನು ತಿಪ್ಪೇಶನ ಕೈಗೆ ಕೊಟ್ಟಳು.

“ನಿನ್ನ ಮಿಷನ್ನಿಗೆ ಸರ್ಟಿಫಿಕೇಟ್ ಇಲ್ಲ ಕಣಯ್ಯ. ಈ ಜಿಲ್ಲೆಯ ಯಾವ ಮಿಷನ್ನಿಗೂ ಇಲ್ಲ. ನಿನ್ನೆ ಸಂಜೆಯಿಂದ.”

ತಿಪ್ಪೇಶ ಪತ್ರವನ್ನು ಎರಡು ಸಲ ಓದಿದ. ಅವನ ಮುಖದ ಬಿಗಿ ಇಳಿಯಿತು. “ಮೊನ್ನೆ ನಮ್ಮನೇಗೂ ಗೆರೆ ಎಳೆದವ್ರೆ ಮೇಡಂ. ನನ್ನ ಮಿಷನ್ನಿಂದಾನೇ,” ಎಂದ. ಗುದ್ದಲಿಯವರಿಗೆ ಹೋಗಿ ಕಾಫಿ ಕುಡಿದು ಬರುವಂತೆ ಹೇಳಿದ.

ಅಷ್ಟರಲ್ಲಿ ಹೆಬ್ಬಾರರ ಫೋನು ಬಂತು. ಅವಳು ಅಡುಗೆಮನೆಗೆ ಬಂದು, ಕೆಂಪು ಗೆರೆಯ ಮೇಲೆ ನಿಂತು ಮಾತಾಡಿದಳು.

“ರೀ ಪಂಕಜಾಕ್ಷಿಯವರೇ, ಇನ್ನೂರ ಹದಿನಾಲ್ಕು ಪತ್ರ. ನನಗೆ ಬೆಳಿಗ್ಗೆಯಿಂದ ಎಂಟು ಕಡೆಯಿಂದ ಫೋನು. ಯಂತ್ರ ತಪ್ಪು ಅಂತೀರಿ. ಸರಿ ಸಂಖ್ಯೆ ಯಾವುದು? ಅಂತರರಾಷ್ಟ್ರೀಯ ಸಭೆಯವರೂ ಕೇಳಿದ್ದಾರೆ. ಬೆಳಕಿನ ವೇಗ ಎಷ್ಟು ಅಂತ ಬರೀಲಿ?”

“ಸಂಖ್ಯೆ ಬರೀಬೇಡಿ ಸಾರ್. ಸಂಖ್ಯೆ ಬರೆದ ತಕ್ಷಣ ಮೀಟರು ಬರುತ್ತೆ, ಮೀಟರಿನೊಳಗೆ ಮತ್ತೆ ಬೆಳಕು ಬಂದು ಕೂರುತ್ತೆ. ಚೆಕ್ಕುಬಂದಿ ಬರೀರಿ.”

“ಏನು?”

“ಚೆಕ್ಕುಬಂದಿ. ಬೆಳಕಿನ ಅಕ್ಕಪಕ್ಕ ಯಾರಿದ್ದಾರೆ ಅಂತ. ನಾನು ಬರೆದಿಟ್ಟಿದ್ದೀನಿ, ಓದ್ತೀನಿ ಕೇಳಿ.” ಅವಳು ಕೈಯಲ್ಲಿದ್ದ ಹಾಳೆ ಬಿಡಿಸಿದಳು. “ಪೂರ್ವಕ್ಕೆ ಸ್ಫಟಿಕದ ಕೋಲು, ಮೂರೂ ಒಂದೇ ಉದ್ದ. ಪಶ್ಚಿಮಕ್ಕೆ ಹಿತ್ತಾಳೆ ಗಜಕೋಲು, ನೂರು ವರ್ಷದಿಂದ ಅದೇ ಉದ್ದ. ಉತ್ತರಕ್ಕೆ ಪರಮಾಣು ಗಡಿಯಾರ, ನಿಮ್ಮದೂ ನಮ್ಮದೂ ಹೊಂದುತ್ತೆ. ಇವರು ಯಾರೂ ಒಬ್ಬರನ್ನ ಬಿಟ್ಟು ಒಬ್ಬರು ಜರುಗಿಲ್ಲ ಸಾರ್. ಮಧ್ಯದಲ್ಲಿ ಇದ್ದದ್ದು ಮಾತ್ರ ಸಾವಿರಕ್ಕೆ ನಾಲ್ಕು ಪಾಲು ಜರುಗಿದೆ. ಒತ್ತುವರಿ ಮಾಡಿದ್ದು ನಾವಲ್ಲ.”

ಆ ಕಡೆ ಹೆಬ್ಬಾರರು ಕಾಗದ ಎಳೆದುಕೊಂಡ ಸದ್ದು ಕೇಳಿತು.

“ಪೂರ್ವಕ್ಕೆ ಏನಂದ್ರಿ? ಇನ್ನೊಮ್ಮೆ ಹೇಳಿ, ಬರ್ಕೊಳ್ತೇನೆ.” ಅವಳು ಹೇಳಿದಳು. ಅವರು ಬರೆದುಕೊಂಡರು. “ಇದು ಮೂರೇ ಆಯ್ತಲ್ಲ ಮಾರಾಯ್ರೆ. ದಕ್ಷಿಣ ಖಾಲಿ ಬಿಟ್ಟಿದ್ದೀರಿ.”

ನಿಜ. ಅದು ಖಾಲಿಯೇ ಇತ್ತು. ಅವಳು ಉತ್ತರ ಹುಡುಕುತ್ತಾ ನಿಂತಿದ್ದಾಗ ನಡುಮನೆಯಲ್ಲಿ ಮಂಚ ಕಿರುಗುಟ್ಟಿತು. ಸ್ನಾನದ ಹೊತ್ತಾಗಿತ್ತು. ಸಿದ್ದಗಂಗಮ್ಮ ಟವಲು ಹೆಗಲ ಮೇಲೆ ಹಾಕಿಕೊಂಡು, ಬೀದಿಯ ಗದ್ದಲಕ್ಕೂ ಫೋನಿನ ಮಾತಿಗೂ ಕಿವಿಗೊಡದೆ, ಬಾಯೊಳಗೇ ಎಣಿಸುತ್ತಾ ಬಂದಳು. ಎಂಟಕ್ಕೆ ಒಲೆಯ ಕಟ್ಟೆ ಮುಟ್ಟಿ ಬಚ್ಚಲಿನ ಕಡೆ ತಿರುಗಿದಳು. ಒಂಬತ್ತಕ್ಕೆ ಕೆಂಪು ಗೆರೆ ತುಳಿದಳು. ಹತ್ತು. ಹನ್ನೊಂದು. ಕೈ ಚಾಚಿದಳು, ಹಂಡೆ ಅಲ್ಲೇ ಇತ್ತು.

“ಬರ್ಕೊಳ್ಳಿ ಸಾರ್,” ಎಂದಳು ಪಂಕಜಾಕ್ಷಿ. “ದಕ್ಷಿಣಕ್ಕೆ ಸಿದ್ದಗಂಗಮ್ಮನವರ ಹನ್ನೊಂದು ಹೆಜ್ಜೆ.”